ನಿಮಗಿದು ಗೊತ್ತೇ? ಅರಮನೆಯ ಬಾಗಿಲಿಗೆ ಬಂದ ಜನ

ರಾಜನನ್ನು ಗದ್ದುಗೆಯಿಂದ ಇಳಿಸಿದವರು ಯಾರೆಂದು ಕೇಳಿದರೆ ನಾವು ಥಟ್ಟನೆ ನಾಯಕರ ಹೆಸರು ಹೇಳುತ್ತೇವೆ. ಉಗಿಯಂತ್ರ, ರೈಲು, ತಂತಿ ಬಂದ ಕಾಲದ ದಂಗೆಗಳನ್ನು ಹತ್ತಿರ ಹೋಗಿ ನೋಡಿದರೆ ಕಾಣುವ ಮುಖಗಳೇ ಬೇರೆ. ಬಟ್ಟೆ ಗಿರಣಿಯ ಹೆಣ್ಣುಮಗಳು, ಅಚ್ಚಿನ ಮೊಳೆ ಜೋಡಿಸುವವನು, ದರ್ಜಿ, ಬೀಗ ರಿಪೇರಿಯವನು, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವವನು. ಈ ಸಲದ ಅಂಕಣ ಅವರದು.

● ಪ್ಯಾರಿಸ್ಸಿನ ಬಾಸ್ಟಿಲ್ ಚೌಕದ ನಡುವೆ ನಿಂತಿರುವ ಎತ್ತರದ ಕಂಬ 1789ರ ಮಹಾಕ್ರಾಂತಿಯ ನೆನಪಿನದೆಂದು ಬಹುಮಂದಿ ತಿಳಿದಿದ್ದಾರೆ. ಅದು 1830ರ ಜುಲೈ ಕ್ರಾಂತಿಯದು. ಆ ವರ್ಷ ಜುಲೈ 27, 28, 29ರ ಮೂರೇ ದಿನಗಳಲ್ಲಿ ಪ್ಯಾರಿಸ್ಸಿನ ಜನ ಹತ್ತನೇ ಚಾರ್ಲ್ಸ್ ದೊರೆಯ ಆಳ್ವಿಕೆಯನ್ನು ಮುಗಿಸಿದರು. ಆಗ ಸತ್ತ 504 ಜನರ ಹೆಸರನ್ನು ಕಂಬದ ಮೇಲೆ ಚಿನ್ನದ ಬಣ್ಣದಲ್ಲಿ ಕೆತ್ತಿದ್ದಾರೆ.

● ಆ ದಂಗೆ ಶುರುವಾದದ್ದು ಪತ್ರಿಕೆಗಳ ಬಾಯಿ ಕಟ್ಟುವ ಅರಸಾಜ್ಞೆಯಿಂದ. ಆಜ್ಞೆಯನ್ನು ಮೀರಿ ಅಚ್ಚಾದ 'ಲ ತಾಂ' ಪತ್ರಿಕೆಯ ಯಂತ್ರಗಳನ್ನು ಕೆಡಿಸಲು ಪೊಲೀಸರು ಬಂದಾಗ ಒಳಗಿನವರು ಬಾಗಿಲು ಹಾಕಿಕೊಂಡರು. ಬೀಗ ಮುರಿಯಲು ಕರೆತಂದ ಕಮ್ಮಾರನಿಗೆ, ಕನ್ನಕಳವಿಗೆ ಏನು ಶಿಕ್ಷೆಯೆಂಬುದನ್ನು ಕಾನೂನು ಪುಸ್ತಕದಿಂದಲೇ ಓದಿ ಹೇಳಿದರು. ಆತ ತಲೆಯ ಮೇಲಿನ ಟೋಪಿ ತೆಗೆದು, ಈ ಕೆಲಸ ನನ್ನಿಂದಾಗದು ಎಂದುಬಿಟ್ಟ. ಎರಡನೆಯವನನ್ನು ಕರೆಸಿದರು, ಅವನೂ ಒಲ್ಲೆ ಎಂದ. ಕೊನೆಗೆ ಬಂದು ಬೀಗ ಮುರಿದವನು ಕೈದಿಗಳ ಕಾಲಿಗೆ ಬೇಡಿ ಜಡಿಯುವ ಕೆಲಸದವನು. ಇಷ್ಟೆಲ್ಲ ಆಗುವ ಹೊತ್ತಿಗೆ ಬೀದಿಯಲ್ಲಿ ಜನ ನೆರೆದಿದ್ದರು, ಸುದ್ದಿ ಊರೆಲ್ಲ ಹಬ್ಬಿತ್ತು. ಆ ಮೂರು ದಿನಗಳಲ್ಲಿ ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸುವುದು ಈ ಬೀಗದ ಬಾಗಿಲೇ.

● ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಬಂದೂಕು ಹಿಡಿದು ಹೆಣಗಳ ರಾಶಿಯನ್ನು ದಾಟಿ ಬರುವ ಹೆಣ್ಣಿನ ವರ್ಣಚಿತ್ರವನ್ನು ನೀವು ಖಂಡಿತ ನೋಡಿದ್ದೀರಿ. ದೆಲಾಕ್ರ್ವಾ ಬರೆದ ಆ ಚಿತ್ರವೂ 1789ರದಲ್ಲ, 1830ರದೇ. ಜುಲೈ ಕ್ರಾಂತಿಯಿಂದ ಪಟ್ಟಕ್ಕೆ ಬಂದ ಲೂಯಿ ಫಿಲಿಪ್‌ನ ಸರ್ಕಾರ ಅದನ್ನು 3,000 ಫ್ರಾಂಕ್ ಕೊಟ್ಟು ಕೊಂಡಿತು. ಜನ ನೋಡಿದರೆ ಮತ್ತೆ ರೊಚ್ಚಿಗೇಳಬಹುದೆಂಬ ಅಂಜಿಕೆಯಿಂದ ಸ್ವಲ್ಪ ದಿನದಲ್ಲೇ ಗೋಡೆಯಿಂದ ಇಳಿಸಿತು. ಚಿತ್ರ ಲೂವ್ರ್ ಸಂಗ್ರಹಾಲಯಕ್ಕೆ ಬಂದದ್ದು 1874ರಲ್ಲಿ.

● ಅದೇ ಲೂಯಿ ಫಿಲಿಪ್‌ನ ಮುಖವನ್ನು ಪೇರ್ ಹಣ್ಣಿನಂತೆ ಬರೆದು ತೋರಿಸಿದವನು ಫಿಲಿಪೋಂ ಎಂಬ ಪತ್ರಿಕೆಯವನು. ಹಣ್ಣಿನ ಚಿತ್ರ ಪ್ಯಾರಿಸ್ಸಿನ ಗೋಡೆಗೋಡೆಯ ಮೇಲೂ ಬಂತು. ಜನರ ದುಡ್ಡನ್ನು ನುಂಗುವ ದೈತ್ಯನಂತೆ ರಾಜನನ್ನು ಬರೆದ ದೋಮಿಯೇ ಎಂಬ ಚಿತ್ರಕಾರನಿಗೆ 1832ರಲ್ಲಿ ಆರು ತಿಂಗಳ ಜೈಲಾಯಿತು.

● ಬೆಲ್ಜಿಯಂ ದೇಶ ಹುಟ್ಟಿದ್ದರಲ್ಲಿ ಒಂದು ಸಂಗೀತ ನಾಟಕದ ಪಾಲಿದೆ. 1830ರ ಆಗಸ್ಟ್ 25ರ ರಾತ್ರಿ ಬ್ರಸೆಲ್ಸ್‌ನಲ್ಲಿ ನೇಪಲ್ಸ್ ಬೆಸ್ತರ ದಂಗೆಯ ಕಥೆಯುಳ್ಳ ಆಪೆರಾ ನಡೆಯಿತು. ನೋಡಿದವರು ಹೊರಬಂದವರೇ ಬೀದಿಯ ಗುಂಪನ್ನು ಕೂಡಿಕೊಂಡರು. ಡಚ್ ದೊರೆ ಮೊದಲನೇ ವಿಲಿಯಂನ ಆಳ್ವಿಕೆ ಬೇಡವೆಂದು ಅಕ್ಟೋಬರ್ 4ಕ್ಕೆ ಸ್ವಾತಂತ್ರ್ಯ ಸಾರಿಯೇಬಿಟ್ಟರು.

● ಇದೇ 1830ರಲ್ಲಿ ನಮ್ಮ ಮಲೆನಾಡಿನಲ್ಲಿ ಏನಾಗುತ್ತಿತ್ತು ಗೊತ್ತೇ? ನಗರ ಸೀಮೆಯ ರೈತರು 'ಕೂಟ' ಕಟ್ಟುತ್ತಿದ್ದರು. ಊರೂರಿನವರು ಒಂದೆಡೆ ಸೇರಿ, ಕಂದಾಯ ಕೊಡುವುದಿಲ್ಲವೆಂದು ಒಟ್ಟಾಗಿ ಹೇಳುವುದಕ್ಕೆ ಅವರಿಟ್ಟ ಹೆಸರು ಅದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಆಗ 'ಶರ್ತು' ಪದ್ಧತಿಯಿತ್ತು. ನನ್ನ ಸೀಮೆಯಿಂದ ಇಷ್ಟು ಹಣ ತಂದೇ ತರುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಬರೆದುಕೊಟ್ಟವನು ಒಕ್ಕಲಿನವನ ಕತ್ತಿನ ಮೇಲೆ ಕೂತು ಆ ಹಣ ತೆಗೆಯಬೇಕು. ಮಳೆ ಹೋಗಲಿ, ಬೆಳೆ ಹೋಗಲಿ, ಶರ್ತಿನ ಮೊತ್ತ ಮಾತ್ರ ಇಳಿಯದು. ನಗರದ ಹಳೆಯ ಅರಸುಮನೆತನದ ವಾರಸುದಾರ ತಾನೆಂದು ಬಂದ ಬೂದಿ ಬಸಪ್ಪನ ಬೆನ್ನಿಗೆ ಜನ ನಿಂತರು, ತರೀಕೆರೆಯ ಪಾಳೆಯಗಾರರ ಮನೆತನವೂ ಸೇರಿಕೊಂಡಿತು. ದಂಗೆಯನ್ನು ಅಡಗಿಸಲು ಬ್ರಿಟಿಷ್ ಪಡೆಯೇ ಬರಬೇಕಾಯಿತು.

ಆಮೇಲೆ ಆದದ್ದು ರೈತರು ಕೇಳಿದ್ದಲ್ಲ. ಇದೇ ನೆಪವಾಗಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಇಡೀ ಮೈಸೂರಿನ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡ. ಅದು ಮತ್ತೆ ಒಡೆಯರ ಮನೆತನಕ್ಕೆ ಬಂದದ್ದು ಐವತ್ತು ವರ್ಷದ ನಂತರ, 1881ರಲ್ಲಿ. ಮುಮ್ಮಡಿಯವರು ಅದನ್ನು ಕಾಣಲಿಲ್ಲ, 1868ರಲ್ಲೇ ತೀರಿಕೊಂಡಿದ್ದರು. ಪ್ಯಾರಿಸ್ಸಿನ ಮೂರು ದಿನಗಳನ್ನು ನಮ್ಮ ಮಕ್ಕಳು ಪರೀಕ್ಷೆಗೆ ಓದುತ್ತಾರೆ. ಅದೇ ವರ್ಷದ ನಗರದ ಕೂಟ ಅವರ ಕಿವಿಗೂ ಬೀಳುವುದಿಲ್ಲ, ಇದು ನನಗೆ ನೋವಿನ ಸಂಗತಿ.

● 1848ರಲ್ಲಿ ಯುರೋಪಿನ ಸಿಂಹಾಸನಗಳು ಸಾಲಾಗಿ ಅಲುಗಿದವು. ಆ ಕಥೆಯನ್ನು ಆಲೂಗಡ್ಡೆಯ ಹೊಲದಿಂದಲೇ ಶುರುಮಾಡಬೇಕು. 1845ರಲ್ಲಿ ಗಡ್ಡೆಗೆ ಕೊಳೆರೋಗ ಬಿತ್ತು. ಮರುವರ್ಷ ಧಾನ್ಯವೂ ಕೈಕೊಟ್ಟಿತು. 1847ರ ಏಪ್ರಿಲ್‌ನಲ್ಲಿ ಬರ್ಲಿನ್ ಸಂತೆಯಲ್ಲಿ ಗಡ್ಡೆಯ ಬೆಲೆ ಕೇಳಿ ರೊಚ್ಚಿಗೆದ್ದ ಜನ ಅಂಗಡಿಗಳಿಗೆ ನುಗ್ಗಿದರು. ಜರ್ಮನರು ಅದನ್ನು 'ಆಲೂಗಡ್ಡೆ ಕ್ರಾಂತಿ' ಎಂದೇ ಕರೆಯುತ್ತಾರೆ.

● ದಿನಾಂಕವನ್ನು ಮೊದಲೇ ಗೋಡೆಗೆ ಅಂಟಿಸಿ ನಡೆಸಿದ ದಂಗೆಯೂ ಉಂಟು! ಸಿಸಿಲಿಯ ಪಲೆರ್ಮೋ ಊರಿನಲ್ಲಿ 1848ರ ಜನವರಿ 12ರಂದು ಏಳುತ್ತೇವೆಂದು ಭಿತ್ತಿಪತ್ರ ಹಾಕಿದ್ದರು. ಅಂದು ದೊರೆ ಎರಡನೇ ಫರ್ಡಿನಾಂಡನ ಹುಟ್ಟುಹಬ್ಬ. ಹೇಳಿದ ದಿನವೇ ಎದ್ದರು. ಆ ವರ್ಷದ ದಂಗೆಗಳ ಸಾಲಿಗೆ ಮೊದಲ ಕಿಡಿ ಅದೇ.

● ಆಸ್ಟ್ರಿಯಾದ ಕೈಕೆಳಗಿದ್ದ ಮಿಲಾನಿನವರು ಅದಕ್ಕೂ ಮೊದಲೇ, ಜನವರಿ 1ರಿಂದ ಹೊಗೆಸೊಪ್ಪು ಬಿಟ್ಟರು. ಊರಿಗೆ ಊರೇ ಚುಟ್ಟ ಸೇದುವುದನ್ನು ನಿಲ್ಲಿಸಿತು, ಲಾಟರಿ ಚೀಟಿ ಕೊಳ್ಳುವುದನ್ನೂ ನಿಲ್ಲಿಸಿತು. ಎರಡರ ತೆರಿಗೆಯೂ ನೇರವಾಗಿ ಆಸ್ಟ್ರಿಯಾ ಚಕ್ರವರ್ತಿಯ ಬೊಕ್ಕಸಕ್ಕೆ ಹೋಗುತ್ತಿತ್ತು. ಕೆರಳಿಸಲೆಂದೇ ಸಿಪಾಯಿಗಳು ಬೀದಿಯಲ್ಲಿ ಚುಟ್ಟ ಸೇದುತ್ತ ತಿರುಗಿದರು, ಜನವರಿ 3ರಂದು ಜಗಳ ಹತ್ತಿ ಹೆಣ ಬಿದ್ದವು. ಮಾರ್ಚ್ 18ರಿಂದ 22ರವರೆಗೆ ಐದು ದಿನ ಕಾದಾಡಿ ಮುದಿ ಸೇನಾಪತಿ ರಾಡೆಟ್ಸ್ಕಿಯ ಪಡೆಯನ್ನು ಊರಿನವರೇ ಹೊರಗಟ್ಟಿದರು. ಪಿಯಾನೋ, ಕುದುರೆಗಾಡಿ, ಚರ್ಚಿನ ಬೆಂಚು, ಕೈಗೆ ಸಿಕ್ಕಿದ್ದೆಲ್ಲ ಬೀದಿಗೆ ಅಡ್ಡಗಟ್ಟೆಯಾಯಿತು.

ಅಡ್ಡಗಟ್ಟೆ ಎಂದಾಗ ನೆನಪಾಯಿತು. ನಾವು ದಿನಾ ಪೊಲೀಸರ ಬಾಯಲ್ಲಿ ಕೇಳುವ 'ಬ್ಯಾರಿಕೇಡ್' ಹುಟ್ಟಿದ್ದು 'ಬಾರಿಕ್' ಎಂಬ ಫ್ರೆಂಚ್ ಮಾತಿನಿಂದ, ಅರ್ಥ ಪೀಪಾಯಿ. ಮಣ್ಣು ಕಲ್ಲು ತುಂಬಿದ ಪೀಪಾಯಿಗಳನ್ನು ಉರುಳಿಸಿ ಬೀದಿ ಕಟ್ಟುತ್ತಿದ್ದವರು ಜನ. ಈಗ ಅದು ಪೊಲೀಸರ ಸಾಮಾನು.

● ರಾಡೆಟ್ಸ್ಕಿ ಆ ಬೇಸಿಗೆಯಲ್ಲಿ ಇಟಲಿಯವರನ್ನು ಸೋಲಿಸಿದ. ಅದರ ಸಂಭ್ರಮಕ್ಕೆ ಯೋಹಾನ್ ಸ್ಟ್ರೌಸ್ ಕಟ್ಟಿದ ನಡಿಗೆಯ ವಾದ್ಯಸಂಗೀತವೇ 'ರಾಡೆಟ್ಸ್ಕಿ ಮಾರ್ಚ್'. ಹೊಸವರ್ಷದ ದಿನ ವಿಯೆನ್ನಾದಿಂದ ಬರುವ ಕಛೇರಿಯ ಕೊನೆಯಲ್ಲಿ ಸಭಿಕರು ತಾಳ ಹಾಕುವುದು ಇದಕ್ಕೇ. ತಂದೆಯದೇ ಹೆಸರಿನ ಸ್ಟ್ರೌಸನ ಮಗ ಮಾತ್ರ ದಂಗೆಯವರ ಕಡೆಗಿದ್ದ.

● ಸಭೆ ಸೇರುವಂತಿಲ್ಲ ಎಂದರೆ ಊಟಕ್ಕೆ ಸೇರಬಹುದಲ್ಲ! 1847ರಲ್ಲಿ ಫ್ರಾನ್ಸಿನ ವಿರೋಧ ಪಕ್ಷದವರು ಊರೂರಿನಲ್ಲಿ ಔತಣ ಏರ್ಪಡಿಸಿ, ಊಟದ ನಡುವೆ ಎದ್ದು ನಿಂತು ಮತದ ಹಕ್ಕಿನ ಭಾಷಣ ಮಾಡಿದರು. 1848ರ ಫೆಬ್ರವರಿ 22ರ ಪ್ಯಾರಿಸ್ ಔತಣವನ್ನು ಸರ್ಕಾರ ನಿಲ್ಲಿಸಿದ್ದೇ ತಡ, ಜನ ಬೀದಿಗೆ ಬಂದರು. ಮರುದಿನ ಪ್ರಧಾನಿ ಗೀಜೋನನ್ನು ತೆಗೆದ ಸುದ್ದಿ ಬಂದು ಊರು ದೀಪ ಹಚ್ಚಿ ನಲಿಯುತ್ತಿತ್ತು. ರಾತ್ರಿ ಕಾಪುಸಿನ್ ಬೀದಿಯಲ್ಲಿ ಎಲ್ಲಿಂದಲೋ ಒಂದು ಗುಂಡು ಹಾರಿತು, ಸಿಪಾಯಿಗಳು ಗುಂಪಿನ ಮೇಲೆ ಹೊಡೆದರು. ಸತ್ತವರು ಸುಮಾರು ಐವತ್ತು ಮಂದಿ. ಅಲ್ಲಿ ಬಿದ್ದ ಹೆಣಗಳಲ್ಲಿ ಕೆಲವನ್ನು ಒಂದು ಗಾಡಿಗೆ ಹೇರಿ, ಪಂಜಿನ ಬೆಳಕಿನಲ್ಲಿ ಬೀದಿಬೀದಿಗೂ ಎಳೆದುಕೊಂಡು ಹೋದರು. ಕಿಟಕಿ ತೆರೆದು ನೋಡಿದವರು ಕೆಳಗಿಳಿದು ಬೀದಿಯ ಕಲ್ಲು ಕೀಳತೊಡಗಿದರು. ಬೆಳಗಾಗುವಾಗ ಸಾವಿರಕ್ಕೂ ಮೀರಿ ಅಡ್ಡಗಟ್ಟೆಗಳು ಎದ್ದಿದ್ದವು.

ಫೆಬ್ರವರಿ 24ರಂದು ಲೂಯಿ ಫಿಲಿಪ್ ಪಟ್ಟ ಬಿಟ್ಟ. ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋಗುವಾಗ ಇಟ್ಟುಕೊಂಡ ಹೆಸರು 'ಮಿಸ್ಟರ್ ಸ್ಮಿತ್'. ಅವನ ಸಿಂಹಾಸನವನ್ನು ಜನ ಬಾಸ್ಟಿಲ್ ಚೌಕಕ್ಕೆ ಹೊತ್ತೊಯ್ದು, ಆ ಹೆಸರುಗಳ ಕಂಬದ ಬುಡದಲ್ಲೇ ಸುಟ್ಟರು.

● ಆ ಮೂರು ದಿನಗಳ ಫಲವಾಗಿ ಫ್ರಾನ್ಸಿನಲ್ಲಿ ಮತದಾರರ ಸಂಖ್ಯೆ ಸುಮಾರು 2.5 ಲಕ್ಷದಿಂದ 90 ಲಕ್ಷಕ್ಕೆ ಏರಿತು. ಏಪ್ರಿಲ್ 27ರಂದು ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಆ 90 ಲಕ್ಷದಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಫ್ರೆಂಚ್ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿದ್ದು 1944ರಲ್ಲಿ, ತೊಂಬತ್ತಾರು ವರ್ಷ ಕಳೆದ ಮೇಲೆ.

● ಕಮ್ಯುನಿಸ್ಟ್ ಪ್ರಣಾಳಿಕೆ ಅಚ್ಚಾದದ್ದೂ 1848ರ ಫೆಬ್ರವರಿಯಲ್ಲೇ, ಲಂಡನ್ನಿನಲ್ಲಿ, ಜರ್ಮನ್ ಭಾಷೆಯಲ್ಲಿ. ಪ್ಯಾರಿಸ್ಸಿನಲ್ಲಿ ಕಲ್ಲು ಕೀಳುತ್ತಿದ್ದವರು ಅದನ್ನು ಓದಿರಲಿಲ್ಲ.

● ಬರ್ಲಿನ್ನಿನ ಬೀದಿಯಲ್ಲಿ ಧೂಮಪಾನ ನಿಷಿದ್ಧವಾಗಿತ್ತು. 1848ರ ಮಾರ್ಚ್ ದಂಗೆ ಆ ನಿಷೇಧವನ್ನೂ ಅಳಿಸಿತು. ಅದೇ ದಂಗೆಯಲ್ಲಿ ಸತ್ತವರ ಹೆಣಗಳನ್ನು ಅರಮನೆಯ ಅಂಗಳಕ್ಕೆ ತಂದಿಟ್ಟ ಜನ, ಪ್ರಷ್ಯಾದ ದೊರೆ ಹೊರಬಂದು ಟೋಪಿ ತೆಗೆದು ತಲೆಬಾಗುವವರೆಗೂ ಬಿಡಲಿಲ್ಲ.

● ಡ್ರೆಸ್ಡನ್ನಿನ ಆಸ್ಥಾನ ಸಂಗೀತಗಾರ ರಿಚರ್ಡ್ ವಾಗ್ನರ್ ತನ್ನ ಒಡೆಯನ ವಿರುದ್ಧದ 1849ರ ದಂಗೆಯಲ್ಲಿ ಸೇರಿಕೊಂಡು, ಸೋತು, ದೇಶ ಬಿಟ್ಟು ಓಡಬೇಕಾಯಿತು. ಅಲ್ಲಿನ ರಾಜಮನೆತನದ ಆಪೆರಾ ಭವನ ಕಟ್ಟಿದ್ದ ವಾಸ್ತುಶಿಲ್ಪಿ ಸೆಂಪರ್ ಅದೇ ದಂಗೆಗೆ ಅಡ್ಡಗಟ್ಟೆಯನ್ನೂ ಕಟ್ಟಿಕೊಟ್ಟ!

● ಹಂಗೇರಿಯ ರಾಷ್ಟ್ರೀಯ ಹಬ್ಬಗಳಲ್ಲೊಂದು ಮಾರ್ಚ್ 15. 1848ರ ಆ ದಿನ ಪೆಸ್ಟ್ ನಗರದಲ್ಲಿ ಮಳೆ. ಇಪ್ಪತ್ತೈದರ ಕವಿ ಪೆಟೋಫಿ ಮತ್ತು ಗೆಳೆಯರು ಒಂದು ಮುದ್ರಣಾಲಯಕ್ಕೆ ಹೋಗಿ, ಜನರ ಹೆಸರಿನಲ್ಲಿ ಯಂತ್ರವನ್ನು ವಶಪಡಿಸಿಕೊಂಡಿದ್ದೇವೆ ಎಂದರು. ಸೆನ್ಸಾರಿನ ಒಪ್ಪಿಗೆಯಿಲ್ಲದೆ ಹನ್ನೆರಡು ಬೇಡಿಕೆಗಳೂ ಪೆಟೋಫಿಯ ಪದ್ಯವೂ ಅಚ್ಚಾದವು. ಹೊರಗೆ ಕೊಡೆ ಹಿಡಿದು ನಿಂತ ಜನ ಇನ್ನೂ ಹಸಿಯಿದ್ದ ಕಾಗದಗಳಿಗೆ ಕೈಚಾಚಿದರು. ಮರುವರ್ಷ ರಷ್ಯಾದ ಪಡೆಯ ವಿರುದ್ಧ ಕಾದುವಾಗ ಪೆಟೋಫಿ ಕಾಣೆಯಾದ, ಆಗ ಅವನಿಗೆ ಇಪ್ಪತ್ತಾರು.

● ಇಂದಿಗೂ ಎಷ್ಟೋ ಹಂಗೇರಿಯನ್ನರು ಬಿಯರ್ ಲೋಟಗಳನ್ನು ತಾಗಿಸುವುದಿಲ್ಲ. 1849ರ ಅಕ್ಟೋಬರ್ 6ರಂದು ಅರಾದ್‌ನಲ್ಲಿ ಹಂಗೇರಿಯ ಹದಿಮೂರು ಸೇನಾನಿಗಳನ್ನು ಕೊಂದಾಗ ಆಸ್ಟ್ರಿಯನ್ನರು ಲೋಟ ತಾಗಿಸಿ ಕುಡಿದರೆಂಬ ಐತಿಹ್ಯ ಅವರ ಮನೆಮನೆಯಲ್ಲಿದೆ.

● ಸೋತ ದಂಗೆಯೂ ಕೆಲವು ಗಂಟುಗಳನ್ನು ಶಾಶ್ವತವಾಗಿ ಬಿಡಿಸುತ್ತದೆ. ವಿಯೆನ್ನಾದ 1848ರ ಸಂಸತ್ತಿನ ಅತಿ ಕಿರಿಯ ಸದಸ್ಯ ಹಾನ್ಸ್ ಕುಡ್ಲಿಖ್ ರೈತರ ಮಗ. ಜಮೀನ್ದಾರನಿಗೆ ರೈತ ಮಾಡಬೇಕಿದ್ದ ಬಿಟ್ಟಿ ಚಾಕರಿ ಹೋಗಬೇಕೆಂದು ಅವನು ತಂದ ಸೂಚನೆ ಸೆಪ್ಟೆಂಬರ್ 7ಕ್ಕೆ ಕಾನೂನಾಯಿತು. ಚಕ್ರವರ್ತಿ ಮತ್ತೆ ಬಲಿತು ಸಂಸತ್ತನ್ನೇ ಮುಚ್ಚಿಸಿದ. ಆದರೂ ಆ ಬಿಟ್ಟಿ ಚಾಕರಿಯನ್ನು ಮರಳಿ ತರಲಾಗಲಿಲ್ಲ.

● ಜನಸಮೂಹದ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಒಂದು ಲಂಡನ್ನಿನ ಕೆನಿಂಗ್ಟನ್ ಬಯಲಿನದು. 1848ರ ಏಪ್ರಿಲ್ 10ರಂದು ಎಲ್ಲ ಗಂಡಸರಿಗೂ ಮತ ಬೇಕೆಂದು ಚಾರ್ಟಿಸ್ಟ್ ಕಾರ್ಮಿಕರು ಅಲ್ಲಿ ನೆರೆದಿದ್ದರು. ವಿಲಿಯಂ ಕಿಲ್‌ಬರ್ನ್ ತೆಗೆದ ಆ ಚಿತ್ರವನ್ನು ನಿಧಾನವಾಗಿ ನೋಡಿ. ಸಾವಿರಾರು ಟೋಪಿಗಳು, ನಡುವೆ ಬಾವುಟಗಳು, ಹಿಂದೆ ಕಾರ್ಖಾನೆಯ ಚಿಮಣಿ. ಬಹುಮಂದಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ವೇದಿಕೆಯತ್ತ ನೋಡುತ್ತಿದ್ದಾರೆ. ಹೆದರಿದ ಸರ್ಕಾರ ರಾಣಿ ವಿಕ್ಟೋರಿಯಾಳನ್ನು ಅದಕ್ಕೂ ಮೊದಲೇ ವೈಟ್ ದ್ವೀಪಕ್ಕೆ ಕಳಿಸಿ, ತಂತಿ ಕಚೇರಿಗಳನ್ನೂ ವಶಕ್ಕೆ ತೆಗೆದುಕೊಂಡಿತ್ತು. ಆ ಚಿತ್ರವನ್ನು ಕೊಂಡವನು ರಾಣಿಯ ಗಂಡ ಆಲ್ಬರ್ಟ್, ಇಂದಿಗೂ ಅದು ರಾಜಮನೆತನದ ಸಂಗ್ರಹದಲ್ಲಿದೆ.

ಅಂದಿನ ಮುಂದಾಳುಗಳಲ್ಲಿ ವಿಲಿಯಂ ಕಫೇ ಎಂಬ ದರ್ಜಿಯಿದ್ದ. ಕಪ್ಪು ವರ್ಣದವನು, ಗುಲಾಮನಾಗಿದ್ದವನ ಮಗ, ಐದಡಿಗೂ ಕಡಿಮೆ ಎತ್ತರ. ಅರವತ್ತು ದಾಟಿದ ಅವನನ್ನು ರಾಜದ್ರೋಹದ ಆರೋಪದ ಮೇಲೆ ಟಾಸ್ಮೇನಿಯಾಕ್ಕೆ ಗಡೀಪಾರು ಮಾಡಿದರು. ಕ್ಷಮಾಪಣೆ ಬಂದ ಮೇಲೂ ಅವನು ಊರಿಗೆ ಮರಳದೆ ಅಲ್ಲೇ ಕೂಲಿಕಾರರ ಪರವಾಗಿ ದುಡಿದ. ಸತ್ತದ್ದು 1870ರಲ್ಲಿ, ನಿರ್ಗತಿಕರ ಆಶ್ರಯದಲ್ಲಿ. ಚಾರ್ಟಿಸ್ಟರ ಆರು ಬೇಡಿಕೆಗಳಲ್ಲಿ ವರ್ಷಕ್ಕೊಮ್ಮೆ ಚುನಾವಣೆ ಎಂಬುದೊಂದನ್ನು ಬಿಟ್ಟು ಐದೂ ಮುಂದೆ ಬ್ರಿಟನ್ನಿನ ಕಾನೂನಾದವು.

● ಇರಾನಿನ ಶಹಾಗಳನ್ನು ಒಮ್ಮೆ ಹೊಗೆಸೊಪ್ಪು ಮಣಿಸಿತು, ಇನ್ನೊಮ್ಮೆ ಸಕ್ಕರೆ. ದೇಶದ ಹೊಗೆಸೊಪ್ಪಿನ ವ್ಯಾಪಾರವನ್ನೆಲ್ಲ ಬ್ರಿಟಿಷ್ ಕಂಪನಿಯೊಂದಕ್ಕೆ ಬರೆದುಕೊಟ್ಟಾಗ, 1891ರ ಡಿಸೆಂಬರ್‌ನಲ್ಲಿ ಧರ್ಮಗುರುವಿನ ಆಜ್ಞೆಯಂತೆ ಜನ ಹುಕ್ಕಾ ಕೆಳಗಿಟ್ಟರು, ಒಪ್ಪಂದ ಮುರಿದುಬಿತ್ತು. 1905ರ ಡಿಸೆಂಬರ್‌ನಲ್ಲಿ ಸಕ್ಕರೆ ಬೆಲೆಯ ನೆಪದಲ್ಲಿ ವರ್ತಕರ ಅಂಗಾಲಿಗೆ ಹೊಡೆಸಿದಾಗ ಟೆಹ್ರಾನಿನ ಬಜಾರು ಬಾಗಿಲು ಹಾಕಿತು. ಮರುವರ್ಷ ಬೇಸಿಗೆಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಬ್ರಿಟಿಷ್ ರಾಯಭಾರ ಕಚೇರಿಯ ತೋಟದಲ್ಲಿ ಕಸುಬಿಗೊಂದು ಡೇರೆಯಂತೆ ಬೀಡುಬಿಟ್ಟು, ದೊಡ್ಡ ದೊಡ್ಡ ಹಂಡೆಗಳಲ್ಲಿ ಅನ್ನ ಬೇಯಿಸಿಕೊಂಡು ಕುಳಿತರು. ಸಂಸತ್ತು ಸಿಕ್ಕಿತು. ಸಂವಿಧಾನಕ್ಕೆ ರುಜು ಹಾಕಿದ ಶಹಾ ಕೆಲವೇ ದಿನಗಳಲ್ಲಿ ತೀರಿಕೊಂಡ.

● 1905ರ ಜನವರಿ 22ರ ಭಾನುವಾರ ಸೇಂಟ್ ಪೀಟರ್ಸ್‌ಬರ್ಗ್‌ನ ಕಾರ್ಮಿಕರು ಮೆರವಣಿಗೆಯಲ್ಲಿ ಹೊತ್ತು ತಂದದ್ದು ದೇವರ ಪಟ ಮತ್ತು ಝಾರ್ ದೊರೆಯ ಪಟ. ಕೈಯಲ್ಲಿ ಮನವಿಪತ್ರ, ಮುಂದೆ ಪಾದ್ರಿ ಗಪೋನ್. ಸಿಪಾಯಿಗಳು ಗುಂಡು ಹಾರಿಸಿದರು, ನೂರಾರು ಜನ ಹಿಮದ ಮೇಲೆ ಬಿದ್ದರು. ಯಾರಿಗೆ ಮನವಿ ಕೊಡಲು ಬಂದಿದ್ದರೋ ಆ ದೊರೆ ಅಂದು ಊರಿನ ಅರಮನೆಯಲ್ಲಿ ಇರಲೇ ಇಲ್ಲ.

● ಚೀನಾದಲ್ಲಿ ಎರಡು ಸಾವಿರ ವರ್ಷ ಮೀರಿದ ಚಕ್ರಾಧಿಪತ್ಯದ ಕೊನೆಗೆ ರೈಲು ನೆಪವಾಯಿತು. ಸಿಚುವಾನಿನ ಜನ ಹಣ ಹಾಕಿದ್ದ ರೈಲುಮಾರ್ಗವನ್ನು 1911ರಲ್ಲಿ ಸರ್ಕಾರ ಕಸಿದುಕೊಂಡಿತು. ಅಲ್ಲಿನ ಗಲಭೆ ಅಡಗಿಸಲು ಪಕ್ಕದ ಹುಬೆಯಿಂದ ಪಡೆ ಹೋಯಿತು. ಹಾಗೆ ತೆಳುವಾದ ವುಚಾಂಗ್ ಠಾಣ್ಯದಲ್ಲೇ ಅಕ್ಟೋಬರ್ 10ರಂದು ಸಿಪಾಯಿಗಳು ತಿರುಗಿಬಿದ್ದರು. ಪಟ್ಟ ಬಿಡುವಾಗ ಚಕ್ರವರ್ತಿ ಪುಯಿಗೆ ಆರು ವರ್ಷ.

● ಮಾರ್ಚ್ 8ರಂದು ಹೂವು ಕೊಟ್ಟು ಶುಭಾಶಯ ಹೇಳುವವರು ಇದನ್ನೂ ತಿಳಿದಿರಬೇಕು. 1917ರ ಮಾರ್ಚ್ 8ರಂದು, ರಷ್ಯಾದ ಹಳೆಯ ಪಂಚಾಂಗದಲ್ಲಿ ಫೆಬ್ರವರಿ 23ರಂದು, ರಾಜಧಾನಿ ಪೆತ್ರೋಗ್ರಾದಿನ ಬಟ್ಟೆ ಗಿರಣಿಯ ಹೆಂಗಸರು ರೊಟ್ಟಿ ಕೇಳುತ್ತ ಕೆಲಸ ನಿಲ್ಲಿಸಿ ಹೊರಬಂದರು. ಪಕ್ಕದ ಲೋಹದ ಕಾರ್ಖಾನೆಗಳ ಮುಂದೆ ನಿಂತು ಕಿಟಕಿಗಳಿಗೆ ಹಿಮದ ಉಂಡೆ ಎಸೆದು ಗಂಡಸರನ್ನು ಕೂಗಿ ಕರೆದರು. ಮೂರನೇ ದಿನಕ್ಕೆ ಊರು ಸ್ತಬ್ಧ. ನಾಲ್ಕನೇ ದಿನ ವೊಲಿನ್‌ಸ್ಕಿ ಪಡೆಯವರು ಆಜ್ಞೆಯಂತೆ ಜನರ ಮೇಲೆ ಗುಂಡು ಹೊಡೆದರು. ಆ ರಾತ್ರಿ ಠಾಣ್ಯದಲ್ಲಿ ಸಾರ್ಜೆಂಟ್ ಕಿರ್ಪಿಚ್ನಿಕೋವ್ ಮತ್ತು ಜೊತೆಯವರು ಮಾತಾಡಿಕೊಂಡು, ಬೆಳಗ್ಗೆ ಅಧಿಕಾರಿಗೆ ಎದುರು ನಿಂತು ಇನ್ನು ಹೊಡೆಯುವುದಿಲ್ಲ ಎಂದರು. ಸಂಜೆಯೊಳಗೆ ಹತ್ತಾರು ಸಾವಿರ ಸಿಪಾಯಿಗಳು ಜನರ ಕಡೆಗೆ ಬಂದಿದ್ದರು. ರಾಜಧಾನಿಗೆ ಹೊರಟ ಝಾರ್ ನಿಕೊಲಾಸನ ರೈಲಿಗೆ ಮುಂದೆ ದಾರಿಯಿಲ್ಲದೆ ಪ್ಸ್ಕೋವ್ ನಿಲ್ದಾಣಕ್ಕೆ ತಿರುಗಬೇಕಾಯಿತು. 304 ವರ್ಷದ ರೊಮಾನೊವ್ ಆಳ್ವಿಕೆ ಮುಗಿದದ್ದು ಅಲ್ಲಿ ನಿಂತ ರೈಲುಡಬ್ಬಿಯೊಳಗೆ.

● 1918ರ ಅಕ್ಟೋಬರ್ ಕೊನೆಯಲ್ಲಿ ಜರ್ಮನ್ ನೌಕಾಪಡೆಗೆ ಕೊನೆಯ ಕಾಳಗಕ್ಕೆ ಹೊರಡುವ ಆಜ್ಞೆ ಬಂತು. ಯುದ್ಧ ಸೋತಾಗಿದೆ, ಇನ್ಯಾಕೆ ಸಾಯಬೇಕೆಂದು ಒಲೆಯ ಕೆಲಸದವರು ಬಾಯ್ಲರಿನ ಬೆಂಕಿಯನ್ನೇ ಆರಿಸಿದರು. ಬೆಂಕಿಯಿಲ್ಲದೆ ಉಗಿಯಿಲ್ಲ, ಉಗಿಯಿಲ್ಲದೆ ಯುದ್ಧನೌಕೆ ಬರೀ ಕಬ್ಬಿಣ. ದಂಗೆ ಹಡಗಿನಿಂದ ನೆಲಕ್ಕೆ ಹಬ್ಬಿ, ನವೆಂಬರ್ ಮುಗಿಯುವುದರೊಳಗೆ ಕೈಸರನೂ ಸೇರಿ ಜರ್ಮನಿಯ 22 ಅರಸೊತ್ತಿಗೆಗಳೂ ಉರುಳಿದ್ದವು.

● 1947ರ ಆಗಸ್ಟ್ 15ಕ್ಕೆ ದೇಶವೆಲ್ಲ ಬಾವುಟ ಹಾರಿಸಿತು. ಮೈಸೂರು ಸಂಸ್ಥಾನದ ಜನರಿಗೆ ಮಾತ್ರ ಅಂದು ಜನಪ್ರತಿನಿಧಿಗಳ ಜವಾಬ್ದಾರಿ ಸರ್ಕಾರ ಸಿಗಲಿಲ್ಲ. ಸೆಪ್ಟೆಂಬರ್ 1ರಿಂದ 'ಮೈಸೂರು ಚಲೋ' ಚಳವಳಿ ಶುರುವಾಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟರು, ಕಾರ್ಮಿಕರು ಕೆಲಸ ಬಿಟ್ಟರು, ಬೀದಿಬೀದಿಯಲ್ಲಿ 'ಆರ್ಕಾಟ್ ಬಾಯ್ಕಾಟ್' ಎಂಬ ಕೂಗು ದಿವಾನ ಆರ್ಕಾಟರ ವಿರುದ್ಧ ಎದ್ದಿತು. ಅಕ್ಟೋಬರ್‌ನಲ್ಲಿ ಮಹಾರಾಜ ಜಯಚಾಮರಾಜ ಒಡೆಯರು ಒಪ್ಪಿದರು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅದಕ್ಕೂ ಮೊದಲು ಸೆಪ್ಟೆಂಬರ್‌ನಲ್ಲಿ ಮೈಸೂರಿನ ಬೀದಿಯಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾಗಿದ್ದ. ನಗರದ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಮುಂದಿನ ಸಲ ಮೈಸೂರಿಗೆ ಹೋದಾಗ ಆ ವೃತ್ತದ ಬಳಿ ಒಂದು ನಿಮಿಷ ನಿಲ್ಲಿ, ಜೊತೆಗಿರುವ ಮಕ್ಕಳಿಗೆ ಅವನು ಯಾರೆಂದು ಹೇಳಿ.